ಪೂಜೆಗಿಟ್ಟ ಪೆಟ್ಟಿಗೆ

ಲೀಲಾಧರನ ಮೂತ್ರಕ್ಕೆ ರಿಮೋಟ್ ಇದೆ ಎಂಬುದು ನಾವುಂದದ ಕಡಲ ಬದಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವರಿಗೆ ಅವನೇ ಹೇಳುತ್ತಿದ್ದ. ಬಲೆ ಕಟ್ಟುವ ಚಪ್ಪರದಡಿ ಗಾಲಿಕುರ್ಚಿಯಲ್ಲಿ ಕೂತು, ಹರಿದ ಬಲೆಯನ್ನು ತೊಡೆಯ ಮೇಲೆ ಹರಡಿಕೊಂಡು, "ನಿಮ್ಗೆಲ್ಲ ಬಂದಾಗ ಹೋಯ್ಕ್. ನಂಗೆ ಮನಸ್ ಬಂದಾಗ ಹೋಪ್ದ್. ಯಾರ್ ಸುಖವಂತ ಹೇಳಿ ಕಾಂಬೊ?" ಎಂದು ಸುತ್ತ ಕೂತವರನ್ನು ನಗಿಸುತ್ತಿದ್ದ. ನಗು ಬರುವಂಥದ್ದೇನೂ ಅದರಲ್ಲಿರಲಿಲ್ಲ. ಆದರೂ ಅವರು ನಗುತ್ತಿದ್ದರು, ಯಾಕೆಂದರೆ ಅದಕ್ಕೆ ಮುಂಚಿನ ಆರು ವರ್ಷ ಈ ಮನುಷ್ಯ ಮನೆಯ ಹಿಂದಿನ ಕೋಣೆಯಿಂದ ಹೊರಗೆ ಬಂದವನಲ್ಲ.

ರಿಮೋಟ್ ಅಂದರೆ ಊಟದ ಡಬ್ಬಿಯಷ್ಟು ದೊಡ್ಡ ಒಂದು ಪೆಟ್ಟಿಗೆ. ಅದರಿಂದ ಹೊರಟ ವಯರಿನ ತುದಿಗೆ ಅಂಗೈಯಗಲದ ಒಂದು ಬಿಲ್ಲೆ. ಎಡ ಪಕ್ಕೆಲುಬಿನ ಕೆಳಗೆ, ಚರ್ಮದ ಒಳಗಡೆ ಡಾಕ್ಟರರು ಇನ್ನೊಂದು ತುಂಡನ್ನು ಹೊಲಿದಿಟ್ಟಿದ್ದರು. ಅಲ್ಲಿಂದ ತೆಳ್ಳಗಿನ ತಂತಿಗಳು ಬೆನ್ನಿನ ಬುಡದ ನರಗಳಿಗೆ ಹೋಗಿದ್ದವು. ಬಿಲ್ಲೆಯನ್ನು ಆ ಜಾಗಕ್ಕೆ ಹಿಡಿದು ಗುಂಡಿ ಒತ್ತಿದರೆ ಒಳಗೆ ಕರೆಂಟು ಹರಿದು ಮೂತ್ರಕೋಶ ಹಿಂಡುತ್ತಿತ್ತು. ಬಿಟ್ಟು ಬಿಟ್ಟು ಹಿಂಡಿ, ಬಿಟ್ಟು ಬಿಟ್ಟು ಬಾಟಲಿಗೆ ಬೀಳುತ್ತಿತ್ತು. ಕಡಲು ಕಿತ್ತುಕೊಂಡದ್ದನ್ನು ಡಾಕ್ಟರರು ಬ್ಯಾಟರಿ ಹಾಕಿ ವಾಪಸು ಕೊಟ್ಟಿದ್ದರು.

ಕಡಲು ಕಿತ್ತುಕೊಂಡದ್ದು ನವರಾತ್ರಿಯಲ್ಲಿ. ನವಮಿಯ ದಿನ ಕಡಲ ಬದಿಯ ಮನೆಗಳಲ್ಲಿ ದುಡಿಯುವ ಸಾಮಾನಿಗೆಲ್ಲ ಪೂಜೆ. ದೋಣಿಯ ಎಂಜಿನ್, ಲಂಗರು, ಬಲೆ, ಮೀನು ಕೊಯ್ಯುವ ಕತ್ತಿ, ಎಲ್ಲವನ್ನೂ ಒರೆಸಿ ಕುಂಕುಮ ಹಚ್ಚಿ ಹೂವಿಟ್ಟರೆ, ಮರುದಿನ ವಿಜಯದಶಮಿಯ ಬೆಳಿಗ್ಗೆ ಪೂಜೆ ಇಳಿಸುವ ತನಕ ಅವುಗಳಿಗೆ ವಿಶ್ರಾಂತಿ. ಯಾರೂ ಮುಟ್ಟುವಂತಿಲ್ಲ. ಎರಡು ಸಾವಿರದ ಎರಡನೇ ಇಸವಿಯ ನವಮಿಯ ಮಧ್ಯಾಹ್ನ ಬಂಗುಡೆಯ ಹಿಂಡು ದಡದ ಹತ್ತಿರಕ್ಕೇ ಬಂತು. ನೀರು ಕಪ್ಪಾಗಿ ಕುದಿಯುತ್ತಿತ್ತು. ಊರಿನ ಗಂಡಸರೆಲ್ಲ ಕೈ ಕಟ್ಟಿಕೊಂಡು ನೋಡುತ್ತ ನಿಂತರು. ಇಪ್ಪತ್ತೈದರ ಲೀಲಾಧರ ಮಾತ್ರ, "ಮೀನಿಗೆ ನವಮಿ ಗೊತ್ತಿತ್ತಾ?" ಎಂದು ಎಂಜಿನ್ನಿನ ಹೂವು ತೆಗೆದು ಬದಿಗಿಟ್ಟು, ಅದನ್ನು ಹೆಗಲಿಗೇರಿಸಿಕೊಂಡು ನಡೆದ. ತಮ್ಮ ಶೇಖರ ಹಿಂದಿನಿಂದ ಹೋದ. ಮೀನು ತುಂಬಿಕೊಂಡು ವಾಪಸು ಬರುವಾಗ, ದಡ ಇನ್ನೇನು ಸಿಕ್ಕಿತು ಅನ್ನುವಾಗ, ತೆರೆ ದೋಣಿಯನ್ನು ಮಗುಚಿ ಅದರ ಅಂಚನ್ನು ಲೀಲಾಧರನ ಬೆನ್ನಿಗೆ ಬಡಿಯಿತು. ಶೇಖರನಿಗೆ ಒಂದು ಗೀರೂ ಆಗಲಿಲ್ಲ.

ಎದೆಯಿಂದ ಕೆಳಗೆ ಲೀಲಾಧರನಿಗೆ ಏನೂ ಉಳಿಯಲಿಲ್ಲ. "ಕಡಲ್ ದಿನಾ ದೋಣಿ ಮಗುಚತ್ತ್, ನವಮಿಗೊಂದೇ ಅಲ್ಲ" ಎಂದು ಅವನು ಆಸ್ಪತ್ರೆಯ ಮಂಚದಿಂದಲೇ ವಾದ ಮಾಡಿದ. ಊರು ಬೇರೆಯೇ ಹೇಳಿತು, ಬೇಕಾದಷ್ಟು ಹೇಳಿತು. ಏನೂ ಹೇಳದಿದ್ದವಳು ಅವನ ತಾಯಿ ಪದ್ದು ಒಬ್ಬಳೇ. ಬೈಂದೂರಿನ ಮಾರುಕಟ್ಟೆಯಲ್ಲಿ ಮೀನು ಮಾರುತ್ತ ಎಂಥ ಗಿರಾಕಿಯ ಬಾಯನ್ನೂ ಮುಚ್ಚಿಸುತ್ತಿದ್ದ ಹೆಂಗಸು, ಈ ಒಂದು ವಿಷಯದಲ್ಲಿ ಮಗನ ಎದುರು ತುಟಿ ಬಿಚ್ಚಲಿಲ್ಲ. ಅವಳು ಒಮ್ಮೆ ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಆಮೇಲಿನ ಆರು ವರ್ಷ ಕಾಲಿಗಿಂತ ಹೆಚ್ಚು ಅವನನ್ನು ಗೋಳು ಹೊಯ್ದುಕೊಂಡದ್ದು ಮೂತ್ರ. ತಾನಾಗಿ ಬರುವುದಿಲ್ಲ, ಬಂದರೆ ಹೇಳದೆ ಕೇಳದೆ ಬರುತ್ತದೆ. ರಬ್ಬರಿನ ನಳಿಗೆ ಹಾಕಿ ತೆಗೆಯಬೇಕು. ನಳಿಗೆಯಿಂದ ನಂಜು, ನಂಜಿನಿಂದ ಚಳಿಜ್ವರ. ಒಂದು ಕಿಡ್ನಿ ಸೊರಗಿ ಹೋಯಿತು. ವಾಸನೆಗೆ ಅವನೇ ಹೇಸಿ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಕೊನೆಗೆ ಮುಂಬೈಯಲ್ಲಿದ್ದ ಸೋದರಮಾವ ಅಲ್ಲಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಈ ಆಪರೇಷನ್ನಿಗೆ ದಾರಿ ಮಾಡಿದ. ಜೊತೆಗೆ ಹೋದವಳು ಶೇಖರನ ಹೆಂಡತಿ ವನಜ. ಅವಳು ಹುಟ್ಟಿ ಬೆಳೆದದ್ದು ಮುಂಬೈ, ಹಿಂದಿ ನೀರು ಕುಡಿದಷ್ಟು ಸಲೀಸು.

ಹಾಗಾಗಿ ಡಾಕ್ಟರರ ಮಾತನ್ನು ನೇರ ಕಿವಿಯಿಂದ ಕೇಳಿಸಿಕೊಂಡವಳು ವನಜ. ಇವನ ಮೂತ್ರಕೋಶ ತಾನಾಗಿ ಹಿಂಡಿಕೊಳ್ಳಬಾರದೆಂದು ಅದರ ಸುದ್ದಿ ಮೇಲೆ ಒಯ್ಯುವ ನರಗಳನ್ನು ಕತ್ತರಿಸಿದ್ದೇವೆ ಎಂದರು ಅವರು. ಇನ್ನು ಸೋರುವುದಿಲ್ಲ, ಅದು ಒಳ್ಳೆಯದು. ಆದರೆ ಎಷ್ಟು ತುಂಬಿದರೂ ಅದು ಹೇಳುವುದೂ ಇಲ್ಲ. ಪೆಟ್ಟಿಗೆ ಹೇಳಿದಾಗ ಮಾತ್ರ ಖಾಲಿಯಾಗುತ್ತದೆ. ಒಂದು ದಿನವೂ ತಪ್ಪಿಸಬೇಡಿ, ಇವನಿಗಿರುವುದು ಒಂದೇ ಕಿಡ್ನಿ ಎಂದು ತಿಳಿದುಕೊಳ್ಳಿ. ವನಜ ಊರಿಗೆ ಬಂದು ಇದನ್ನೆಲ್ಲ ಅತ್ತೆಗೆ ಹೇಳಿದಳು. ಅತ್ತೆ ಕೇಳಿಸಿಕೊಂಡದ್ದು ಇಷ್ಟು: ನನ್ನ ಮಗನನ್ನು ಈ ಪೆಟ್ಟಿಗೆ ಸಾಕುತ್ತದೆ. ಅಂದಿನಿಂದ ದಿನಾ ಬೆಳಿಗ್ಗೆ ಅವಳು ಸೆರಗಿನಲ್ಲಿ ಪೆಟ್ಟಿಗೆಯ ಧೂಳು ಒರೆಸಿ ಮಗನ ತಲೆದೆಸೆಯಲ್ಲಿ ಇಡುತ್ತಿದ್ದಳು. ಅಂಥ ಪ್ರೀತಿ ಇದ್ದಲ್ಲೇ ಅಪಾಯವೂ ಇರುತ್ತದೆ ಎಂದು ಯಾರಿಗೂ ಹೊಳೆಯಲಿಲ್ಲ.

ಎರಡು ಸಾವಿರದ ಹತ್ತರ ನವಮಿಯ ಬೆಳಿಗ್ಗೆ ಲೀಲಾಧರ ಎದ್ದು ಕೈ ಚಾಚಿದರೆ ತಲೆದೆಸೆಯಲ್ಲಿ ಪೆಟ್ಟಿಗೆ ಇರಲಿಲ್ಲ. ಕುರ್ಚಿ ತಳ್ಳಿಕೊಂಡು ಚಾವಡಿಗೆ ಬಂದ. ದೇವರ ಫೋಟೋದ ಎದುರು ಎಂಜಿನ್ನು, ಲಂಗರು, ಕತ್ತಿ, ವನಜಳ ಹೊಲಿಗೆ ಮಿಷನ್ನು, ಶೇಖರನ ಬೈಕಿನ ಕೀ. ನಡುವೆ, ಬಾಳೆ ಎಲೆಯ ಮೇಲೆ, ಅವನ ಪೆಟ್ಟಿಗೆ. ಗುಂಡಿಯ ಪಕ್ಕದಲ್ಲಿ ಕುಂಕುಮ, ಮೇಲೊಂದು ದಾಸವಾಳ.

"ಅಮ್ಮ, ಅದನ್ನ್ ಎಂತಕ್ಕೆ ಅಲ್ಲಿಟ್ಟದ್ದ್?"

"ದುಡಿಯು ಸಾಮಾನ್ ಅಲ್ದಾ ಅದ್? ಎರಡ್ ವರ್ಷ ಆಯ್ತ್, ಒಂದ್ ದಿನ ಪೂಜೆ ಕಂಡಿದಿಲ್ಲೆ. ಇವತ್ ಒಂದ್ ದಿನ ಅದ್ಕೂ ರಜೆ. ನಿನ್ನ ಹಳೇ ನಳಿಗೆ ಕುದ್ಸಿ ಇಟ್ಟಿದೆ, ಅದ್ರಲ್ಲೇ ಸುಧಾರ್ಸ್ಕೊ."

"ಅದ್ ಆತ್ತಿಲ್ಲೆ ಅಮ್ಮ. ಕೊಡ್ ಇಲ್ಲಿ."

ಪದ್ದು ಮಗನಿಗೂ ಪೂಜೆಗೂ ನಡುವೆ ಬಂದು ನಿಂತಳು. ಅವಳ ಕೈಯಲ್ಲಿ ಕುಂಕುಮದ ಬಟ್ಟಲಿತ್ತು. ಸಿಟ್ಟು ಇರಲಿಲ್ಲ ಅವಳ ಮುಖದಲ್ಲಿ, ಇದ್ದದ್ದು ಹೆದರಿಕೆ.

"ಮಗಾ, ಪೂಜೆಗಿಟ್ಟದ್ದನ್ನ್ ಎಳ್ದ್ ನಿನ್ನ ಬೆನ್ನ್ ಮುರ್ಸ್ಕಂಡೆ. ಇನ್ನೊಂದ್ಸಲ ಎಳೂಕೆ ನಾ ಬಿಡ್ತಿಲ್ಲೆ."

ಎಂಟು ವರ್ಷ ಹೇಳದಿದ್ದ ಮಾತು ಅದು. ಬಾಯಿಂದ ಬಿದ್ದ ಮೇಲೆ ಅವಳಿಗೇ ಕಸಿವಿಸಿಯಾಗಿ ಅಡುಗೆಮನೆಗೆ ಹೋದಳು. ಲೀಲಾಧರ ಪೆಟ್ಟಿಗೆ ನೋಡುತ್ತ ಕೂತ. ಕೈಗೆ ಎಟಕುವಷ್ಟು ಹತ್ತಿರದಲ್ಲಿತ್ತು ಅದು. ಒಂದೇ ದಿನ ಅಲ್ಲವಾ ಅಂದುಕೊಂಡ. ಕುರ್ಚಿ ತಿರುಗಿಸಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ನಳಿಗೆ ಎರಡು ವರ್ಷ ಡಬ್ಬಿಯಲ್ಲಿದ್ದು ಗಡುಸಾಗಿತ್ತು. ಕುದಿಸಿದ್ದರಿಂದ ಇನ್ನಷ್ಟು ಕೆಟ್ಟಿತ್ತು. ಅವನು ಎಣ್ಣೆ ಸವರಿ ಒಳಗೆ ತಳ್ಳಿದ. ಎಲ್ಲೋ ತಡೆಯಿತು. ನೋವು ಗೊತ್ತಾಗುವವನಾಗಿದ್ದರೆ ಅಲ್ಲೇ ನಿಲ್ಲಿಸುತ್ತಿದ್ದ. ಅವನಿಗೆ ಗೊತ್ತಾಗುವುದಿಲ್ಲವಲ್ಲ, ಇನ್ನೂ ತಳ್ಳಿದ. ಎಳೆದು ತೆಗೆದಾಗ ಮೂತ್ರ ಬರಲಿಲ್ಲ, ನಳಿಗೆಯ ತುದಿಯಿಂದ ರಕ್ತ ತೊಟ್ಟಿಕ್ಕಿತು. ಅವನು ಅದನ್ನು ಹಳೆಯ ಲುಂಗಿಯಲ್ಲಿ ಸುತ್ತಿ ಮಂಚದಡಿಗೆ ತಳ್ಳಿ, ಕೈ ತೊಳೆದುಕೊಂಡು, ಏನೂ ಆಗದವನಂತೆ ಚಾವಡಿಗೆ ಬಂದು ಕೂತ.

ಆ ದಿನ ಮನೆ ತುಂಬ ಜನ. ಮಂಗಳಾರತಿ ಆಯಿತು. ಅವಲಕ್ಕಿ, ಪಾಯಸ ಹಂಚಿದರು. ಹೊರಗೆ ಹೆದ್ದಾರಿಯಲ್ಲಿ ಹೂವಿನ ಮಾಲೆ ಹಾಕಿಕೊಂಡ ಲಾರಿ, ರಿಕ್ಷಾಗಳು ಬದಿಗೆ ನಿಂತಿದ್ದವು. ಬಂದವರೆಲ್ಲ ಪೆಟ್ಟಿಗೆಗೆ ಕೈ ಮುಗಿದು, "ಹ್ವಾಯ್ ಲೀಲಾಧರ, ಇವತ್ ನಿನ್ನ ರಿಮೋಟಿಗೂ ರಜೆಯಾ?" ಎಂದು ಕೇಳಿದರು. "ಹೌದ್, ಅದ್ಕೂ ಕಾರ್ಮಿಕರ ಸಂಘ ಆಯ್ತ್" ಎಂದು ಅವನೂ ನಕ್ಕ. ಆದರೆ ಪಾಯಸ ಮುಟ್ಟಲಿಲ್ಲ, ಒಂದು ಗುಟುಕು ನೀರು ಕುಡಿಯಲಿಲ್ಲ. ಒಳಗೆ ಹೋದದ್ದು ಹೊರಗೆ ಬರಲು ದಾರಿಯಿಲ್ಲ ಎಂದು ಅವನೊಬ್ಬನಿಗೆ ಗೊತ್ತಿತ್ತು.

ಅದನ್ನು ಊಹಿಸಿದ ಇನ್ನೊಬ್ಬಳು ವನಜ. ಬಡಿಸುತ್ತ ಬಡಿಸುತ್ತ ಅವಳು ಭಾವನ ಲೋಟ ನೋಡಿದಳು. ತುಂಬಿದ್ದು ತುಂಬಿದ ಹಾಗೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಅವನ ಹಣೆಯ ಮೇಲೆ ಬೆವರು ಮೂಡಿತ್ತು, ಕೈಯ ರೋಮ ನಿಂತಿತ್ತು. ಗಂಡನ ಅಣ್ಣನ ಹತ್ತಿರ ಬಾಯಿ ಬಿಟ್ಟು ಕೇಳುವ ಸಂಗತಿಯಲ್ಲ ಅದು. ಅವಳು ಶೇಖರನನ್ನು ಹಿತ್ತಲಿಗೆ ಕರೆದಳು.

"ಬೆಳಿಗ್ಗೆಯಿಂದ ಭಾವಂಗೆ ಆಯ್ಲಿಲ್ಲೆ. ಡಾಕ್ಟ್ರ್ ಹೇಳದ್ ನಂಗ್ ನೆನಪಿತ್ತ್. ನೀವಾದ್ರೂ ಅತ್ತೆ ಹತ್ರ ಹೇಳಿ."

ಶೇಖರ ಕಡಲಿನ ಕಡೆ ಮುಖ ಮಾಡಿ ನಿಂತ. "ಆ ದಿನ ದೋಣಿಯೊಳ್ಗೆ ನಾನೂ ಇದ್ದೆ ಮಾರಾಯ್ತಿ. ನೀ ಇರ್ಲಿಲ್ಲೆ. ಒಂದ್ ದಿನ ಅಲ್ದಾ, ಬೆಳಿಗ್ಗೆ ಇಳ್ಸ್ತ್ರ್."

ಅವಳು ಅತ್ತೆಯ ಹತ್ತಿರ ತಾನೇ ಹೋದಳು. ಪದ್ದು ಎಲೆ ಎತ್ತುತ್ತಿದ್ದವಳು ತಲೆಯೆತ್ತದೆ ಕೇಳಿದಳು: "ನಿನ್ನ ಡಾಕ್ಟ್ರ್ ಕಡಲ್ ಕಂಡಿದ್ರಾ?" ವನಜಳಿಗೆ ಮೈ ಉರಿಯಿತು. ಕುಂದಾಪುರದ ಆಸ್ಪತ್ರೆಗಾದರೂ ಹೋಗುವ ಎಂದು ಭಾವನ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದಳು. "ಎಂತಕ್ಕೆ, ಸೆಕೆ ಅಷ್ಟೆ" ಎಂದ ಅವನು. ಮಂಚದಡಿಯ ಲುಂಗಿ ಅವಳಿಗೆ ಕಾಣಲಿಲ್ಲ.

ಸೂರ್ಯ ಮುಳುಗುವ ಹೊತ್ತಿಗೆ ಪದ್ದು ಮತ್ತು ಶೇಖರ ದೋಣಿಗೆ ದೀಪ ತೋರಿಸಲು ದಡಕ್ಕೆ ಹೋದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ವನಜ ದೇವರ ಎದುರು ನಿಂತಳು. ಹಿಂದೆ ಮುಂದೆ ನೋಡಲಿಲ್ಲ, ದಾಸವಾಳವನ್ನು ಎಲೆಯ ಮೇಲೆ ಜಾಗ್ರತೆಯಾಗಿ ಇಟ್ಟು ಪೆಟ್ಟಿಗೆ ಎತ್ತಿಕೊಂಡು ಕೋಣೆಗೆ ಬಂದಳು. ಲೀಲಾಧರ ಮಂಚದಲ್ಲಿ ಒರಗಿದ್ದ. ಲುಂಗಿಯ ಮೇಲೆಯೇ ಕಾಣುವಂತೆ ಕಿಬ್ಬೊಟ್ಟೆ ಕೊಡಪಾನದ ಹಾಗೆ ಉಬ್ಬಿತ್ತು.

"ಭಾವ, ತಕಣಿ. ಅತ್ತೆ ಬಪ್ಪುದ್ರೊಳ್ಗೆ ಮಾಡಿ. ನಾ ತಿರ್ಗಿ ಅಲ್ಲೇ ಇಡ್ತೆ, ಯಾರಿಗೂ ಗೊತ್ತಾತ್ತಿಲ್ಲೆ."

ಅವಳು ಬಾಟಲಿಯನ್ನು ಮಂಚದ ಬದಿಗಿಟ್ಟು ಗೋಡೆಯ ಕಡೆ ತಿರುಗಿ ನಿಂತಳು. ಲೀಲಾಧರ ಅಂಗಿ ಎತ್ತಿ ಬಿಲ್ಲೆಯನ್ನು ಪಕ್ಕೆಗೆ ಹಿಡಿದ. ಹೆಬ್ಬೆರಳು ಗುಂಡಿಯ ಮೇಲೆ ಹೋಯಿತು. ಕುಂಕುಮ ಬೆರಳಿಗೆ ಅಂಟಿತು. ವನಜ ಕಾದಳು. ದಿನವೂ ಕೇಳುತ್ತಿದ್ದ ಕಿರ್ ಎಂಬ ಸಣ್ಣ ಸದ್ದು ಬರಲಿಲ್ಲ.

"ನಾಳೆ ಶೇಖರ ಎಷ್ಟೊತ್ತಿಗೆ ಹೋತ?" ಎಂದು ಅವನು ಕೇಳಿದ.

"ಪೂಜೆ ಇಳ್ಸಿದ್ ಕೂಡ್ಲೆ ಕಡಲಿಗ್ ಹೋತ್ರ್. ಎಂತಕ್ಕೆ? ನೀವ್ ಬೇಗ ಮಾಡಿ."

"ತಕಂಡ್ ಹೋಗ್ ವನಜ."

ಅವಳು ತಿರುಗಿದಳು. ಅವನು ಪೆಟ್ಟಿಗೆಯನ್ನು ಅವಳ ಕಡೆ ಚಾಚಿ ಹಿಡಿದಿದ್ದ.

"ನೀವ್ ಇದನ್ನೆಲ್ಲ ನಂಬುದಿಲ್ಲೆ ಅಲ್ದಾ ಭಾವ?"

"ನಂಬುದಿಲ್ಲೆ."

"ಮತ್ತೆ?"

"ಅಂವ ಕಡಲಿಗ್ ಹೋತ ಅಲ್ದಾ." ಅವನು ಅವಳ ಮುಖ ನೋಡಲಿಲ್ಲ. "ನಂದ್ ಆದದ್ದ್ ಆಯ್ತ್. ನಾ ಒತ್ತಿ, ನಾಳೆ ಅವಂಗೆ ಎಂತಾರೂ ಆರೆ? ಅಮ್ಮನ ಮುಖ ನಾ ಹ್ಯಾಂಗೆ ಕಾಂಬ್ದ್? ಹೋಗ್, ಹ್ಯಾಂಗಿತ್ತೋ ಹಾಂಗೇ ಇಟ್ ಬಾ."

ವನಜ ಅತ್ತಳು, ಬೇಡಿದಳು, ಬೈದಳು. ಅಷ್ಟರಲ್ಲಿ ಅಂಗಳದಲ್ಲಿ ಅತ್ತೆಯ ಮಾತು ಕೇಳಿತು. ಅವಳು ಓಡಿ ಹೋಗಿ ಪೆಟ್ಟಿಗೆಯನ್ನು ಬಾಳೆ ಎಲೆಯ ಮೇಲಿಟ್ಟಳು. ಅಳಿಸಿ ಹೋದ ಕುಂಕುಮದ ಮೇಲೆ ಬೇರೆ ಕುಂಕುಮ ಹಚ್ಚಿ, ದಾಸವಾಳ ಇಟ್ಟಳು. ದೇವರ ಫೋಟೋದ ಕಡೆ ನೋಡಲು ಅವಳಿಗೆ ಧೈರ್ಯ ಬರಲಿಲ್ಲ, ಮುಂಬೈಯಲ್ಲಿ ಬೆಳೆದವಳಿಗೂ.

ವಿಜಯದಶಮಿಯ ಬೆಳಿಗ್ಗೆ ಪದ್ದು ಮಿಂದು ಆರತಿ ಎತ್ತಿ ಪೂಜೆ ಇಳಿಸಿದಳು. ಶೇಖರ ಎಂಜಿನ್ ಹೊತ್ತು ಕಡಲಿಗೆ ಹೋದ. ಪದ್ದು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಮಗನ ಕೋಣೆಗೆ ಬಂದಳು. ಲೀಲಾಧರ ಚಳಿಯಿಂದ ಕಂಬಳಿಯ ಒಳಗೆ ಹಲ್ಲು ಕಡಿಯುತ್ತಿದ್ದ. ಮೈ ಕಾದ ಕಾವಲಿಯಾಗಿತ್ತು. ಅವನ ಕೈಲಾಗಲಿಲ್ಲ, ಅವಳೇ ಬಿಲ್ಲೆ ಹಿಡಿದು ಗುಂಡಿ ಒತ್ತಿದಳು. ಹಸಿರು ದೀಪ ಹತ್ತಿತು, ಕಿರ್ ಎಂದಿತು, ಎಲ್ಲ ಸರಿಯಾಗಿತ್ತು. ಬಾಟಲಿಗೆ ಏನೂ ಬೀಳಲಿಲ್ಲ. ನಳಿಗೆ ಗೀರಿದ ದಾರಿ ಒಳಗಡೆ ಬಾತು ಮುಚ್ಚಿಹೋಗಿತ್ತು. ಅವಳು ಇನ್ನೊಮ್ಮೆ ಒತ್ತಿದಳು, ಮತ್ತೊಮ್ಮೆ ಒತ್ತಿದಳು. ಮುಚ್ಚಿದ ದಾರಿಗೆ ಎದುರಾಗಿ ಪೆಟ್ಟಿಗೆ ಹೇಳಿದ ಕೆಲಸ ಮಾಡುತ್ತಲೇ ಇತ್ತು. ಹೊರಗೆ ಹೋಗಲಾಗದ್ದು ಮೇಲಕ್ಕೆ, ಉಳಿದಿದ್ದ ಒಂದು ಕಿಡ್ನಿಗೆ, ನುಗ್ಗಿತು. ಕೊನೆಗೆ ಬಾಟಲಿಯ ಬಾಯಿಗೆ ಕೆಂಪಗೆ ನಾಲ್ಕು ಹನಿ ಬಿತ್ತು. ವನಜ ಕಿರುಚಿಕೊಂಡು ರಿಕ್ಷಾ ಕರೆಯಲು ಓಡಿದಳು.

ಕುಂದಾಪುರದ ಡಾಕ್ಟರು ಕಿಬ್ಬೊಟ್ಟೆಗೆ ತೂತು ಮಾಡಿ ನಳಿಗೆ ಇಳಿಸಿ ಖಾಲಿ ಮಾಡಿದರು. "ಪೆಟ್ಟಿಗೆ ಹಾಳಾಗಿತ್ತಾ?" ಎಂದು ಕೇಳಿದರು. ಇಲ್ಲ ಎಂದಳು ವನಜ. "ಮತ್ತೆ ಯಾಕೆ ಹೀಗೆ ಬಿಟ್ಟಿರಿ?" ಎಂದರು ಡಾಕ್ಟರು. ನಂಜು ಆಗಲೇ ರಕ್ತಕ್ಕೆ ಏರಿತ್ತು. ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಒಯ್ದರು. ಜೀವ ಉಳಿಯಿತು, ಕಿಡ್ನಿ ಉಳಿಯಲಿಲ್ಲ. ಅದೇ ದಿನ ಶೇಖರ ದೋಣಿ ತುಂಬ ಬಂಗುಡೆ ತಂದಿದ್ದ.

ಆಮೇಲೆ ವಾರಕ್ಕೆ ಎರಡು ಸಲ ಕುಂದಾಪುರಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುವುದೇ ಲೀಲಾಧರನ ಕಸುಬಾಯಿತು. ಬಲೆಯ ಚಪ್ಪರಕ್ಕೆ ಹೋಗುವುದು ನಿಂತಿತು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ನೋಡಲು ಬಂದ ಹೆಂಗಸರಿಗೆ ಪದ್ದು ಒಂದೇ ಮಾತನ್ನು ಹೇಳುತ್ತಿದ್ದಳು. "ನಮ್ಮ ಗ್ರಾಚಾರ, ಕಿಡ್ನಿ ಹೋಯ್ತ್. ಆದ್ರೆ ಪೂಜೆಗಿಟ್ಟದ್ದನ್ನ್ ನಾವ್ ಮುಟ್ಲಿಲ್ಲೆ ಕಾಣಿ, ಅದ್ಕೇ ಜೀವ ಒಂದ್ ಉಳೀತ್. ಮುಟ್ಟಿದ್ರೆ ಅದೂ ಉಳೀತಿರ್ಲಿಲ್ಲೆ."

ಚಳಿಗಾಲ ಕಳೆಯುವ ಹೊತ್ತಿನ ಒಂದು ಮಧ್ಯಾಹ್ನ ಪಕ್ಕದ ಮನೆಯವಳು ಬಂದು ಕೂತಾಗಲೂ ಅವಳು ಅದನ್ನೇ ಹೇಳಿದಳು. ಹೇಳಿ ಮಗನ ಕಡೆ ತಿರುಗಿ, "ಅಲ್ದಾ ಮಗಾ?" ಎಂದಳು.

"ಹೌದಮ್ಮ" ಎಂದ ಲೀಲಾಧರ. "ಅದ್ಕೇ ಉಳೀತ್."

ಅಕ್ಕಿ ಆರಿಸುತ್ತಿದ್ದ ವನಜ ಮೊರವನ್ನು ಕೆಳಗಿಟ್ಟಳು. ಇಷ್ಟು ದಿನ ನುಂಗಿಕೊಂಡದ್ದು ಅವಳ ಕೈ ಮೀರಿತು. ಪಕ್ಕದ ಮನೆಯವಳು ಹೊರಟು ಗೇಟು ದಾಟುವಷ್ಟೂ ಅವಳು ಕಾಯಲಿಲ್ಲ.

"ಅತ್ತೆ, ಆ ದಿನ ಸಂಜೆ ನಾ ಪೆಟ್ಗಿ ತಂದ್ ಭಾವನ ಕೈಯಂಗ್ ಕೊಟ್ಟಿದ್ದೆ. ಅವ್ರ್ ಒತ್ಲಿಲ್ಲೆ. ಒತ್ತಿದ್ರೆ ಕಿಡ್ನಿ ಉಳೀತಿತ್. ನಿಮ್ಮ ಮನಸಿಗೆ, ನಿಮ್ಮ ಇನ್ನೊಬ್ಬ ಮಗನ ಸಲುವಾಗಿ, ಅವ್ರ್ ತನ್ನ ಕಿಡ್ನಿ ಕೊಟ್ರ್. ಪೂಜೆಯಿಂದ ಉಳೀತ್ ಅಂತ್ ಇನ್ನ್ ಹೇಳ್ಬೇಡಿ."

"ವನಜಾ!" ಎಂದು ಲೀಲಾಧರ ಕೂಗಿದ. ಅಂಥ ಕೂಗು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಪದ್ದು ಸೊಸೆಯನ್ನು ನೋಡಿದಳು. ಅವಳು ಅಳುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ, ಮಗನ ಕಾಲು ಹಿಡಿಯುತ್ತಾಳೆ ಎಂದು ವನಜ ಅಂದುಕೊಂಡಿದ್ದಳು. ಪದ್ದು ಹಾಗೆ ಏನೂ ಮಾಡಲಿಲ್ಲ. ಬಹಳ ಮೆಲ್ಲಗೆ ಕೇಳಿದಳು:

"ನೀ ಅದನ್ನ್ ಮುಟ್ಟಿದ್ಯಾ?"

"ಅತ್ತೆ, ನಾ ಹೇಳಿದ್ದ್..."

"ಹೂಗ್ ತೆಗ್ದ್, ಎತ್ತಿದ್ಯಾ?"

ಪದ್ದುವಿನ ಕಣ್ಣು ಸೊಸೆಯ ಮುಖದಿಂದ ಸರಿದು ಬಾಗಿಲಿಗೆ, ಬಾಗಿಲಿನಿಂದ ಹೊರಗಿನ ಬಿಸಿಲಿಗೆ ಹೋಯಿತು. ಮನೆಯಲ್ಲಿ ಊಟವಾಗಿತ್ತು. ಶೇಖರನ ತಟ್ಟೆ ಮುಚ್ಚಿಟ್ಟಲ್ಲೇ ಇತ್ತು. ದಿನಾ ಈ ಹೊತ್ತಿಗೆ ಅವನು ಬಂದು ಮಲಗಿಯಾಗುತ್ತಿತ್ತು. ಅವಳು ಗೋಡೆ ಹಿಡಿದು ಎದ್ದು ಅಂಗಳಕ್ಕೆ ಇಳಿದಳು, ಚಪ್ಪಲಿ ಮೆಟ್ಟದೆ ಕಡಲಿನ ಕಡೆ ನಡೆದಳು. ನಡೆಯುತ್ತಿದ್ದವಳು ಓಡತೊಡಗಿದಳು.

ಲೀಲಾಧರ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಒಂದು ಗುಂಡಿ ಒತ್ತದೆ ಅವನು ತಡೆದು ಇಟ್ಟದ್ದು ಇದನ್ನೇ.

ವನಜಳಿಗೆ ಅತ್ತೆಯ ಮೇಲೆ ಸಿಟ್ಟು ಬಂತು, ಭಾವನ ಮೇಲೆ ಬಂತು, ತನ್ನ ನಾಲಗೆಯ ಮೇಲೆ ಬಂತು. ಇದೆಲ್ಲ ಸುಳ್ಳು, ಇವತ್ತು ಗಾಳಿ ಇದೆ, ಮೀನು ಸಿಕ್ಕಿರಬಹುದು, ತಡವಾಗುವುದು ಇದ್ದದ್ದೇ ಎಂದು ತನಗೇ ಹೇಳಿಕೊಂಡಳು. ಮೊರ ಎತ್ತಿಕೊಂಡು ನಾಲ್ಕು ಕಲ್ಲು ಆರಿಸಿದಳು. ಆಮೇಲೆ ಮೊರ ಇಟ್ಟು ಅವಳೂ ಎದ್ದಳು. ದಡದಲ್ಲಿ ಅತ್ತೆಯಿಂದ ದೂರ ನಿಂತು, ಹಣೆಗೆ ಕೈ ಅಡ್ಡ ಹಿಡಿದು, ನೀರಿನ ಮೇಲೆ ಗಂಡನ ದೋಣಿಯನ್ನು ಹುಡುಕತೊಡಗಿದಳು.